ಕಡಲ ಆಹಾರದಲ್ಲಿ ಭಾರಲೋಹಗಳು

ಮೀನು, ಸಿಗಡಿ, ಏಡಿ, ಬೊಂಡಾಸ (ಸ್ಕ್ವಿಡ್), ಚಿಪ್ಪುಜೀವಿಗಳು ಮತ್ತು ಕಡಲಪಾಚಿಗಳ ಮೂಲಕ ಮನುಷ್ಯನ ದೇಹ ಸೇರುವ ಪಾದರಸ, ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್ ಮೊದಲಾದ ವಿಷಧಾತುಗಳ ಮೂಲ, ಸಂಚಾರ ಹಾಗೂ ಆರೋಗ್ಯ ಪರಿಣಾಮಗಳು ಈ ಲೇಖನದ ವಿಷಯ. ಭಾರಲೋಹ ಎಂಬುದಕ್ಕೆ ರಸಾಯನಶಾಸ್ತ್ರದಲ್ಲಿ ಸರ್ವಸಮ್ಮತ ವ್ಯಾಖ್ಯೆಯಿಲ್ಲ. ಹೆಚ್ಚು ಸಾಂದ್ರತೆಯ, ಸಣ್ಣ ಪ್ರಮಾಣದಲ್ಲೂ ಜೀವಿಗಳಿಗೆ ವಿಷವಾಗಬಲ್ಲ ಲೋಹಗಳನ್ನು ರೂಢಿಯಲ್ಲಿ ಹೀಗೆ ಕರೆಯುತ್ತಾರೆ. ಪೂರ್ತಿ ಲೋಹವಲ್ಲದ ಆರ್ಸೆನಿಕ್ಕನ್ನೂ ಇದೇ ಸಾಲಿಗೆ ಸೇರಿಸುತ್ತಾರೆ. ಇವುಗಳಲ್ಲಿ ಕೆಲವು ಜೀವಕ್ಕೆ ಬೇಕಾದವೇ. ಏಡಿ, ಸಿಗಡಿಗಳ ರಕ್ತದಲ್ಲಿ ಆಮ್ಲಜನಕ ಹೊರುವ ವಸ್ತುವಿನಲ್ಲಿ ಕಬ್ಬಿಣದ ಬದಲು ತಾಮ್ರವಿರುತ್ತದೆ. ಸತುವಿಲ್ಲದೆ ನಮ್ಮ ಅನೇಕ ಕಿಣ್ವಗಳು ಕೆಲಸ ಮಾಡವು. ಪಾದರಸ, ಸೀಸ, ಕ್ಯಾಡ್ಮಿಯಂಗಳಿಗೆ ಮಾತ್ರ ಮನುಷ್ಯದೇಹದಲ್ಲಿ ಯಾವ ಕೆಲಸವೂ ಇಲ್ಲ.

ಸಮುದ್ರದ ನೀರಿನಲ್ಲಿ ಈ ಎಲ್ಲ ಧಾತುಗಳೂ ನಿಸರ್ಗದತ್ತವಾಗಿಯೇ ಅಲ್ಪಸ್ವಲ್ಪ ಇವೆ. ಹಾಗಾಗಿ ಮೀನಿನಲ್ಲಿ ಪಾದರಸ ಸಿಕ್ಕಿತೆಂಬ ಸುದ್ದಿಗೆ ಅಷ್ಟಕ್ಕೇ ಅರ್ಥವಿಲ್ಲ. ಹುಡುಕಿದರೆ ಎಲ್ಲ ಮೀನಿನಲ್ಲೂ ಸಿಗುತ್ತದೆ. ಲೋಹ ಯಾವ ರಾಸಾಯನಿಕ ರೂಪದಲ್ಲಿದೆ, ಯಾವ ಜೀವಿಯ ಯಾವ ಭಾಗದಲ್ಲಿದೆ, ಎಷ್ಟಿದೆ, ತಿನ್ನುವವರು ಯಾರು ಎಂಬ ನಾಲ್ಕನ್ನೂ ಕೇಳಿದ ಮೇಲೆಯೇ ಅಪಾಯದ ಮಾತು. ಪತ್ರಿಕಾ ವರದಿಗಳು ಸಾಮಾನ್ಯವಾಗಿ ಮೂರನೆಯದನ್ನು ಮಾತ್ರ ಹೇಳಿ ಉಳಿದವನ್ನು ಬಿಟ್ಟುಬಿಡುತ್ತವೆ.

ಸಮುದ್ರಕ್ಕೆ ಬರುವ ದಾರಿ

ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳು ಹೆಚ್ಚಾಗಿ ನದಿಯ ಮೂಲಕ ಬರುತ್ತವೆ. ಗಣಿ, ಲೋಹ ಕರಗಿಸುವ ಕುಲುಮೆ, ಬ್ಯಾಟರಿ ಮತ್ತು ಬಣ್ಣದ ಕಾರ್ಖಾನೆ, ಎಲೆಕ್ಟ್ರೋಪ್ಲೇಟಿಂಗ್ ಘಟಕ, ಚರ್ಮ ಹದ ಮಾಡುವ ಕಾರ್ಖಾನೆ, ನಗರದ ಚರಂಡಿ, ಫಾಸ್ಫೇಟ್ ಗೊಬ್ಬರ ಹಾಕಿದ ಹೊಲದ ನೀರು ಇವೆಲ್ಲ ಮೂಲಗಳು. ನದಿ ಕಡಲಿಗೆ ಸೇರುವ ಅಳಿವೆಯಲ್ಲಿ ಒಂದು ವಿಶೇಷ ಘಟನೆ ನಡೆಯುತ್ತದೆ. ಸಿಹಿನೀರಿನಲ್ಲಿ ತೇಲುತ್ತಿದ್ದ ಜೇಡಿಕಣಗಳು ಉಪ್ಪುನೀರು ತಾಗಿದೊಡನೆ ಒಂದಕ್ಕೊಂದು ಅಂಟಿ, ಭಾರವಾಗಿ ತಳಕ್ಕೆ ಇಳಿಯುತ್ತವೆ. ಕಣಗಳಿಗೆ ಅಂಟಿದ್ದ ಲೋಹವೂ ಅವುಗಳೊಂದಿಗೆ ಕೆಸರು ಸೇರುತ್ತದೆ. ಉತ್ತರ ಕನ್ನಡದವರ ಬಳಚು, ದಕ್ಷಿಣ ಕನ್ನಡದವರ ಮರುವಾಯಿ ಎಂಬ ಚಿಪ್ಪುಜೀವಿಗಳು ಬದುಕುವುದು ಇಂಥ ಅಳಿವೆಯ ಮರಳು-ಕೆಸರಿನಲ್ಲೇ. ಚಿಪ್ಪುಜೀವಿಗಳು ನೀರನ್ನು ಒಳಗೆಳೆದು, ಅದರಲ್ಲಿನ ಕಣಗಳನ್ನು ಸೋಸಿ ತಿಂದು, ನೀರನ್ನು ಹೊರಬಿಡುತ್ತವೆ. ಓಡಾಡದ ಈ ಜೀವಿಯ ಮೈಯಲ್ಲಿ ಆ ಜಾಗದ ನೀರಿನ ಚರಿತ್ರೆಯೇ ದಾಖಲಾಗುವುದರಿಂದ, ಮಾಲಿನ್ಯ ಅಳೆಯಲು ಇದನ್ನೇ ಬಳಸಬಹುದೆಂದು ಅಮೆರಿಕದ ಭೂರಸಾಯನ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ಸೂಚಿಸಿದರು. ‘ಮಸ್ಸೆಲ್ ವಾಚ್’ ಹೆಸರಿನ ಆ ಪದ್ಧತಿ ಅಮೆರಿಕದ ಕರಾವಳಿಯಲ್ಲಿ 1986ರಿಂದ ನಡೆದುಬಂದಿದೆ.

ಪಾದರಸದ ದಾರಿ ಬೇರೆ. ಅದು ಹೆಚ್ಚಾಗಿ ಗಾಳಿಯಲ್ಲಿ ಬರುತ್ತದೆ. ಕಲ್ಲಿದ್ದಲು ಉರಿದಾಗ ಅದರೊಳಗಿನ ಅಲ್ಪ ಪಾದರಸ ಆವಿಯಾಗಿ ವಾತಾವರಣ ಸೇರಿ, ಹಲವು ತಿಂಗಳುಗಳಿಂದ ಒಂದು ವರ್ಷದವರೆಗೆ ಅಲ್ಲೇ ಉಳಿದು, ಭೂಮಿ ಸುತ್ತಿ, ಆಮೇಲೆ ಎಲ್ಲೋ ಮಳೆಯೊಂದಿಗೆ ಇಳಿಯುತ್ತದೆ. ಕಾರ್ಖಾನೆಯೇ ಇಲ್ಲದ ಉತ್ತರ ಧ್ರುವದ ತಿಮಿಂಗಿಲಗಳ ಮಾಂಸದಲ್ಲಿ ಪಾದರಸ ಇರುವುದು ಇದರಿಂದಾಗಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2018ರ ಅಂದಾಜಿನಂತೆ 2015ರಲ್ಲಿ ಮಾನವ ಚಟುವಟಿಕೆಗಳಿಂದ ಗಾಳಿಗೆ ಸೇರಿದ ಪಾದರಸ ಸುಮಾರು 2,220 ಟನ್. ಅದರಲ್ಲಿ ಅತಿದೊಡ್ಡ ಪಾಲು, ಸುಮಾರು ಶೇ. 38, ಅಮೆಜಾನ್, ಆಫ್ರಿಕ ಮತ್ತು ಆಗ್ನೇಯ ಏಷ್ಯದ ಸಣ್ಣ ಚಿನ್ನದ ಗಣಿಗಳದು. ಅಲ್ಲಿ ಅದಿರಿನೊಂದಿಗೆ ಪಾದರಸ ಬೆರೆಸಿ, ಚಿನ್ನವನ್ನು ಅದಕ್ಕೆ ಅಂಟಿಸಿಕೊಂಡು, ಬಳಿಕ ಕಾಯಿಸಿ ಪಾದರಸವನ್ನು ಹಾರಿಸಿಬಿಡುತ್ತಾರೆ. ಕಲ್ಲಿದ್ದಲಿನ ಪಾಲು ಸುಮಾರು ಐದನೇ ಒಂದು ಭಾಗ.

ಮಳೆಯಲ್ಲಿ ಇಳಿದ ಪಾದರಸ ಅದೇ ರೂಪದಲ್ಲಿ ಉಳಿದಿದ್ದರೆ ಇಷ್ಟೊಂದು ಬರೆಯಬೇಕಾಗಿರಲಿಲ್ಲ. ಗಾಳಿಯಾಡದ ಕೆಸರಿನಲ್ಲಿ ಸಲ್ಫೇಟನ್ನು ಉಸಿರಾಡಿ ಬದುಕುವ ಬ್ಯಾಕ್ಟೀರಿಯಗಳು ಅದಕ್ಕೆ ಒಂದು ಮೀಥೈಲ್ ಗುಂಪನ್ನು ಜೋಡಿಸುತ್ತವೆ. ಹಾಗೆ ಹುಟ್ಟಿದ ಮೀಥೈಲ್ ಪಾದರಸ ಕರುಳಿನಿಂದ ಸಲೀಸಾಗಿ ಹೀರಲ್ಪಡುತ್ತದೆ, ಪ್ರೋಟೀನಿನಲ್ಲಿರುವ ಗಂಧಕಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಬೇಗ ಹೊರಹೋಗುವುದಿಲ್ಲ. ಪಾಚಿಯಿಂದ ಸೂಕ್ಷ್ಮಪ್ರಾಣಿಗೆ, ಅದರಿಂದ ಬೂತಾಯಿಗೆ, ಬೂತಾಯಿಯಿಂದ ಅಂಜಲಿಗೆ, ಅಲ್ಲಿಂದ ಶಾರ್ಕಿಗೆ ಹೀಗೆ ತಿನ್ನುವ ಪ್ರತಿ ಮೆಟ್ಟಿಲಿನಲ್ಲೂ ಅದರ ಸಾಂದ್ರತೆ ಏರುತ್ತದೆ. ನೀರಿನಲ್ಲಿ ಅಳೆಯಲೂ ಕಷ್ಟವಾದಷ್ಟು ಕಡಿಮೆ ಇದ್ದ ವಸ್ತು ದೊಡ್ಡ ಬೇಟೆಮೀನಿನ ಮಾಂಸಖಂಡದಲ್ಲಿ ಹತ್ತು ಲಕ್ಷ ಪಟ್ಟೋ ಅದಕ್ಕೂ ಮೀರಿಯೋ ಆಗಿರುತ್ತದೆ. ಸೀಸ, ಕ್ಯಾಡ್ಮಿಯಂಗಳು ಹೀಗೆ ಮೆಟ್ಟಿಲೇರುವುದಿಲ್ಲ. ಅವು ಜೀವಿಯ ಕೆಲವು ಅಂಗಗಳಲ್ಲಿ ಶೇಖರವಾಗಿ ನಿಲ್ಲುತ್ತವೆ.

ಮಿನಮಾತ

ಜಪಾನಿನ ಕ್ಯೂಶೂ ದ್ವೀಪದ ಕುಮಮೊತೊ ಪ್ರಾಂತ್ಯದಲ್ಲಿ, ಶಿರಾನುಯಿ ಎಂಬ ಒಳಗಡಲಿನ ದಂಡೆಯ ಪಟ್ಟಣ ಮಿನಮಾತ. ಚಿಸ್ಸೊ ಕಂಪನಿಯ ಕಾರ್ಖಾನೆ 1932ರಿಂದ 1968ರವರೆಗೆ ಅಲ್ಲಿ ಅಸಿಟಾಲ್ಡಿಹೈಡ್ ತಯಾರಿಸಿತು. ಈ ಪ್ರಕ್ರಿಯೆಯಲ್ಲಿ ಪಾದರಸದ ಸಲ್ಫೇಟನ್ನು ವೇಗವರ್ಧಕವಾಗಿ ಬಳಸುತ್ತಿದ್ದರು. ಅದರ ಒಂದು ಅಂಶ ಯಂತ್ರದೊಳಗೇ ಮೀಥೈಲ್ ಪಾದರಸವಾಗಿ ಮಾರ್ಪಟ್ಟು ತ್ಯಾಜ್ಯನೀರಿನೊಂದಿಗೆ ಕೊಲ್ಲಿಗೆ ಹರಿಯಿತು. ಬ್ಯಾಕ್ಟೀರಿಯಗಳು ನಿಧಾನವಾಗಿ ಮಾಡುವ ಕೆಲಸವನ್ನು ಇಲ್ಲಿ ಕಾರ್ಖಾನೆಯೇ ಮಾಡಿ ಮುಗಿಸುತ್ತಿತ್ತು.

ಮೊದಲು ಕಾಣಿಸಿದ್ದು ಬೆಕ್ಕುಗಳಲ್ಲಿ. ಮೀನಿನ ತಲೆ-ಕರುಳು ತಿಂದು ಬದುಕುತ್ತಿದ್ದ ಬೆಸ್ತರ ಕೇರಿಯ ಬೆಕ್ಕುಗಳು ತೂರಾಡಿ, ಸುತ್ತಿ ಸುತ್ತಿ ಬಿದ್ದು ಸಾಯತೊಡಗಿದವು. 1954ರ ಆಗಸ್ಟ್‌ನಲ್ಲಿ ಸ್ಥಳೀಯ ಪತ್ರಿಕೆಯೊಂದು ಮೊದೊ ಎಂಬ ಕೇರಿಯಲ್ಲಿ ಬೆಕ್ಕುಗಳೇ ಇಲ್ಲದಂತಾಗಿ ಇಲಿಗಳ ಕಾಟ ಹೆಚ್ಚಿದೆಯೆಂದು ವರದಿ ಮಾಡಿತ್ತು. ಅದನ್ನು ಇಲಿ ಸಮಸ್ಯೆಯ ಸುದ್ದಿಯಾಗಿ ಓದಿದವರೇ ಹೆಚ್ಚು. 1956ರ ಏಪ್ರಿಲ್‌ನಲ್ಲಿ ನಡೆಯಲೂ ಮಾತಾಡಲೂ ಆಗದ ಐದು ವರ್ಷದ ಹುಡುಗಿಯೊಬ್ಬಳನ್ನು ಕಾರ್ಖಾನೆಯದೇ ಆಸ್ಪತ್ರೆಗೆ ಕರೆತಂದರು. ಸ್ವಲ್ಪ ದಿನದಲ್ಲೇ ಅವಳ ತಂಗಿಗೂ ಅದೇ ಲಕ್ಷಣಗಳು ಕಂಡವು. ಆಸ್ಪತ್ರೆಯ ಮುಖ್ಯಸ್ಥ ವೈದ್ಯ ಹೊಸೊಕಾವ ಹಾಜಿಮೆ ಮೇ 1ರಂದು ಆರೋಗ್ಯ ಇಲಾಖೆಗೆ ವರದಿ ಕೊಟ್ಟರು. ಆ ದಿನವನ್ನೇ ಮಿನಮಾತ ಕಾಯಿಲೆಯ ಅಧಿಕೃತ ಪತ್ತೆಯ ದಿನವೆಂದು ಪರಿಗಣಿಸುತ್ತಾರೆ.

ಬಾಯಿಯ ಸುತ್ತ ಮತ್ತು ಬೆರಳ ತುದಿಗಳಲ್ಲಿ ಜುಮ್ಮು, ತಡವರಿಸುವ ನಡಿಗೆ, ತೊದಲು ಮಾತು, ಕಿವುಡು, ಎದುರಿನದು ಮಾತ್ರ ಕಂಡು ಅಕ್ಕಪಕ್ಕದ್ದು ಮಾಯವಾಗುವಂತೆ ಕಿರಿದಾಗುವ ದೃಷ್ಟಿ, ಕೈನಡುಕ, ತೀವ್ರವಾದರೆ ಸೆಳೆತ, ಪ್ರಜ್ಞಾಹೀನತೆ, ಸಾವು. ಮೊದಲು ಇದನ್ನು ಅಂಟುರೋಗವೆಂದು ಭಾವಿಸಿ ರೋಗಿಗಳ ಮನೆಗೆ ಕ್ರಿಮಿನಾಶಕ ಹೊಡೆದರು. ನೆರೆಹೊರೆಯವರು ಆ ಮನೆಗಳ ಮುಂದೆ ಹಾಯಲು ಹೆದರಿದರು. 1940ರಲ್ಲಿ ಬ್ರಿಟನ್ನಿನ ಹಂಟರ್, ಬಾಮ್‌ಫರ್ಡ್ ಮತ್ತು ರಸೆಲ್ ಎಂಬ ವೈದ್ಯರು ಬೀಜೋಪಚಾರದ ಮೀಥೈಲ್ ಪಾದರಸ ತಯಾರಿಸುವ ಕಾರ್ಮಿಕರಲ್ಲಿ ಇವೇ ಲಕ್ಷಣಗಳನ್ನು ವಿವರಿಸಿದ್ದರು. 1958ರಲ್ಲಿ ಮಿನಮಾತಕ್ಕೆ ಬಂದ ಬ್ರಿಟಿಷ್ ನರರೋಗ ತಜ್ಞ ಡಗ್ಲಾಸ್ ಮೆಕಾಲ್ಪೈನ್ ಈ ಹೋಲಿಕೆಯನ್ನು ಗುರುತಿಸಿದರು. 1959ರ ಜುಲೈಯಲ್ಲಿ ಕುಮಮೊತೊ ವಿಶ್ವವಿದ್ಯಾಲಯದ ತಂಡ ಸಾವಯವ ಪಾದರಸವೇ ಕಾರಣವೆಂದು ಪ್ರಕಟಿಸಿತು.

ಕಾರ್ಖಾನೆಯೊಳಗೆ ಹೊಸೊಕಾವ ತಾವೇ ಬೆಕ್ಕುಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಅಸಿಟಾಲ್ಡಿಹೈಡ್ ಘಟಕದ ತ್ಯಾಜ್ಯನೀರನ್ನು ಆಹಾರದಲ್ಲಿ ಬೆರೆಸಿ ತಿನ್ನಿಸಿದ 400ನೇ ಸಂಖ್ಯೆಯ ಬೆಕ್ಕು 1959ರ ಅಕ್ಟೋಬರ್‌ನಲ್ಲಿ ಅದೇ ಕಾಯಿಲೆಗೆ ಬಿದ್ದಿತು. ಕಂಪನಿಯ ಆಡಳಿತ ಈ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ. ಮರಣಶಯ್ಯೆಯಲ್ಲಿದ್ದ ಹೊಸೊಕಾವ 1970ರಲ್ಲಿ ಸಾಕ್ಷ್ಯ ನುಡಿದಾಗಲೇ ಅದು ನ್ಯಾಯಾಲಯದ ಮುಂದೆ ಬಂತು. ಬೆಕ್ಕಿನ ಈ ಪ್ರಯೋಗಕ್ಕೂ ಮೊದಲೇ, 1958ರಲ್ಲಿ, ಕಂಪನಿ ಕೊಳವೆಯ ಬಾಯಿಯನ್ನು ಕೊಲ್ಲಿಯಿಂದ ನದೀಮುಖಕ್ಕೆ ತಿರುಗಿಸಿ ಕಾಯಿಲೆಯನ್ನು ಹೊಸ ಊರುಗಳಿಗೂ ಹಬ್ಬಿಸಿತು. 1959ರ ಕೊನೆಗೆ ನೀರು ಶುದ್ಧೀಕರಿಸುವ ಯಂತ್ರವನ್ನು ಸಡಗರದಿಂದ ಉದ್ಘಾಟಿಸಿತು. ಸಾವಯವ ಪಾದರಸವನ್ನು ತೆಗೆಯುವ ಶಕ್ತಿ ಅದಕ್ಕಿರಲಿಲ್ಲ. ಜಪಾನ್ ಸರ್ಕಾರ ಕಾರಣವನ್ನು ಅಧಿಕೃತವಾಗಿ ಒಪ್ಪಿದ್ದು 1968ರ ಸೆಪ್ಟೆಂಬರ್ 26ರಂದು. ಅಷ್ಟರಲ್ಲಿ ಅಸಿಟಾಲ್ಡಿಹೈಡ್ ತಯಾರಿಕೆಯ ಆ ಹಳೆಯ ವಿಧಾನಕ್ಕೆ ಹೇಗೂ ಕಾಲ ಮುಗಿದು, ಘಟಕ ನಾಲ್ಕು ತಿಂಗಳ ಹಿಂದೆಯೇ ನಿಂತಿತ್ತು. 1965ರಲ್ಲಿ ನೀಗಾಟ ಪ್ರಾಂತ್ಯದ ಅಗಾನೊ ನದಿಯಲ್ಲಿ, ಶೋವಾ ಡೆಂಕೊ ಕಂಪನಿಯ ಅಂಥದೇ ಘಟಕದ ಕೆಳಹರಿವಿನಲ್ಲಿ, ಎರಡನೇ ಬಾರಿ ಅದೇ ಕಾಯಿಲೆ ಕಾಣಿಸಿಕೊಂಡಿತು. 1959ರಲ್ಲೇ ಮಾತು ಕೇಳಿದ್ದರೆ ತಪ್ಪಿಸಬಹುದಾಗಿದ್ದ ದುರಂತ ಅದು.

ಕೊಲ್ಲಿಯ ಮೀನುಗಳಲ್ಲಿ ಕಿಲೋಗೆ 5ರಿಂದ 36 ಮಿಲಿಗ್ರಾಂ ಪಾದರಸ, ಕೊಳವೆ ಬಾಯಿಯ ಕೆಸರಿನಲ್ಲಿ ಟನ್ನಿಗೆ ಎರಡು ಕಿಲೋ, ಒಬ್ಬ ರೋಗಿಯ ತಲೆಗೂದಲಿನಲ್ಲಿ ಕಿಲೋಗೆ 705 ಮಿಲಿಗ್ರಾಂ ಸಿಕ್ಕಿದ ದಾಖಲೆಗಳಿವೆ.

ವೈದ್ಯಶಾಸ್ತ್ರಕ್ಕೆ ಮಿನಮಾತ ಕಲಿಸಿದ ಅತಿದೊಡ್ಡ ಪಾಠ ಗರ್ಭಕ್ಕೆ ಸಂಬಂಧಿಸಿದ್ದು. ತಾಯಿಯ ರಕ್ತದ ವಿಷವನ್ನು ಮಾಸು ತಡೆಯುತ್ತದೆಂದು ಆಗ ನಂಬಿದ್ದರು. ಆ ಊರುಗಳಲ್ಲಿ ಮಾತ್ರ ತಾಯಂದಿರು ಹೆಚ್ಚುಕಡಿಮೆ ಆರೋಗ್ಯವಾಗಿದ್ದು, ಮೀನು ತಿಂದೇ ಇರದ ಹಸುಗೂಸುಗಳು ಮಿದುಳಿನ ತೀವ್ರ ಹಾನಿಯೊಂದಿಗೆ ಹುಟ್ಟುತ್ತಿದ್ದವು. ಯುವ ವೈದ್ಯ ಹರಾದ ಮಸಾಝುಮಿ ಮನೆಮನೆ ತಿರುಗಿ ಈ ಮಕ್ಕಳನ್ನು ಪರೀಕ್ಷಿಸಿದರು. 1962ರಲ್ಲಿ ಜನ್ಮಜಾತ ಮಿನಮಾತ ಕಾಯಿಲೆಯನ್ನು ಒಪ್ಪಿಕೊಳ್ಳಲಾಯಿತು. ಮಗುವಿನ ಹೊಕ್ಕುಳಬಳ್ಳಿಯ ತುಣುಕನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿ ಕಾಪಿಡುವುದು ಜಪಾನೀ ಕುಟುಂಬಗಳ ಹಳೆಯ ರೂಢಿ. ಆ ಪೆಟ್ಟಿಗೆಗಳನ್ನು ಕೇಳಿ ಪಡೆದು ಅವುಗಳಲ್ಲಿನ ಮೀಥೈಲ್ ಪಾದರಸವನ್ನು ಅಳೆದಾಗ, ಯಾವ ವರ್ಷ ಹುಟ್ಟಿದ ಮಗುವಿಗೆ ಎಷ್ಟು ವಿಷ ತಲುಪಿತ್ತೆಂಬ ಲೆಕ್ಕ ಸಿಕ್ಕಿತು. ಅದು ಕಾರ್ಖಾನೆಯ ಉತ್ಪಾದನೆಯ ಏರಿಳಿತದೊಂದಿಗೆ ಹೊಂದಿಕೊಂಡಿತ್ತು. ಗರ್ಭಸ್ಥ ಶಿಶುವಿನ ಕಡೆಯ ರಕ್ತದಲ್ಲಿ ಮೀಥೈಲ್ ಪಾದರಸ ತಾಯಿಯ ರಕ್ತಕ್ಕಿಂತ ಸರಾಸರಿ 1.7 ಪಟ್ಟು ಇರುತ್ತದೆಂದು ಈಗ ಗೊತ್ತಾಗಿದೆ.

1973ರ ಮಾರ್ಚ್‌ನಲ್ಲಿ ಕುಮಮೊತೊ ಜಿಲ್ಲಾ ನ್ಯಾಯಾಲಯ ಚಿಸ್ಸೊ ಕಂಪನಿಯದೇ ತಪ್ಪೆಂದು ತೀರ್ಪಿತ್ತಿತು. 1977ರಿಂದ 1990ರವರೆಗೆ ಕೊಲ್ಲಿಯ ವಿಷಕೆಸರನ್ನು ತೆಗೆದು 58 ಹೆಕ್ಟೇರ್ ನೆಲವನ್ನು ತುಂಬಿದರು. ಮೀನು ಹೊರಹೋಗದಂತೆ ಕೊಲ್ಲಿಯ ಬಾಯಿಗೆ ಹಾಕಿದ್ದ ಬಲೆಯನ್ನು 1997ರಲ್ಲಿ ತೆಗೆದರು. ಎರಡೂ ಪ್ರದೇಶ ಸೇರಿ ಅಧಿಕೃತವಾಗಿ ರೋಗಿಗಳೆಂದು ಮಾನ್ಯತೆ ಪಡೆದವರು ಸುಮಾರು ಮೂರು ಸಾವಿರ; ಮಾನ್ಯತೆ ಸಿಗದೆ ಪರಿಹಾರ ಕೇಳಿದವರು ಅದರ ಹತ್ತಾರು ಪಟ್ಟು. 2023ರ ಸೆಪ್ಟೆಂಬರ್‌ನಲ್ಲಿ ಒಸಾಕ ಜಿಲ್ಲಾ ನ್ಯಾಯಾಲಯ ಇನ್ನೂ 128 ಜನರನ್ನು ಈ ಕಾಯಿಲೆಯವರೆಂದು ಒಪ್ಪಿ ಪರಿಹಾರಕ್ಕೆ ಆದೇಶಿಸಿತು.

ಕಡಿಮೆ ಪ್ರಮಾಣದ ಪ್ರಶ್ನೆ

ಮಿನಮಾತದಷ್ಟು ವಿಷವಿರುವ ಮೀನು ಇಂದು ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಈಗಿನ ಪ್ರಶ್ನೆ ಸೂಕ್ಷ್ಮವಾದದ್ದು: ದಿನವೂ ಮೀನು ತಿನ್ನುವ ತಾಯಂದಿರ ಮಕ್ಕಳಲ್ಲಿ, ಕಣ್ಣಿಗೆ ಕಾಣುವ ಕಾಯಿಲೆಯಿಲ್ಲದಿದ್ದರೂ, ಬುದ್ಧಿಬೆಳವಣಿಗೆ ಸ್ವಲ್ಪವಾದರೂ ಕುಗ್ಗುತ್ತದೆಯೆ? ಇದಕ್ಕೆ ಉತ್ತರ ಹುಡುಕಿದ ಎರಡು ದೊಡ್ಡ ಅಧ್ಯಯನಗಳು ಎರಡು ದ್ವೀಪಸಮೂಹಗಳಲ್ಲಿ ನಡೆದು, ಎರಡು ದಿಕ್ಕಿಗೆ ಹೋದವು.

ಉತ್ತರ ಅಟ್ಲಾಂಟಿಕ್‌ನ ಫೆರೊ ದ್ವೀಪಗಳಲ್ಲಿ 1986-87ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಫಿಲಿಪ್ ಗ್ರಾಂಜಾನ್ ಮತ್ತು ಪಾಲ್ ವೈಹೆ ಹಿಂಬಾಲಿಸಿದರು. ಏಳನೇ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಹೊಕ್ಕುಳಬಳ್ಳಿಯ ರಕ್ತದಲ್ಲಿ ಹೆಚ್ಚು ಪಾದರಸವಿದ್ದ ಮಕ್ಕಳು ಗಮನ, ಭಾಷೆ, ನೆನಪಿನ ಪರೀಕ್ಷೆಗಳಲ್ಲಿ ಸ್ವಲ್ಪ ಹಿಂದಿದ್ದರು. ಹಿಂದೂ ಮಹಾಸಾಗರದ ಸೇಶೆಲ್ಸ್‌ನಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದ ತಂಡ 1989-90ರ ಹೊತ್ತಿನ 779 ತಾಯಿ-ಮಗು ಜೋಡಿಗಳನ್ನು ಗಮನಿಸಿತು. ಆ ತಾಯಂದಿರು ವಾರಕ್ಕೆ ಸರಾಸರಿ 12 ಊಟಗಳಲ್ಲಿ ಮೀನು ತಿನ್ನುತ್ತಿದ್ದರು, ಅವರ ಕೂದಲಲ್ಲಿ ಪಾದರಸ ಫೆರೊ ತಾಯಂದಿರಿಗಿಂತಲೂ ಹೆಚ್ಚಿತ್ತು. ಹಾಗಿದ್ದೂ ಮಕ್ಕಳಲ್ಲಿ ಸ್ಪಷ್ಟ ಹಾನಿ ಕಾಣಲಿಲ್ಲ.

ಈ ವ್ಯತ್ಯಾಸಕ್ಕೆ ಒಪ್ಪಬಹುದಾದ ವಿವರಣೆ ಆಹಾರದಲ್ಲಿದೆ. ಫೆರೊ ಜನರ ಪಾದರಸ ಮುಖ್ಯವಾಗಿ ಪೈಲಟ್ ತಿಮಿಂಗಿಲದ ಮಾಂಸದಿಂದ ಬರುತ್ತಿತ್ತು. ಅದರಲ್ಲಿ ಪಾದರಸ ಅತಿ ಹೆಚ್ಚು, ಕೊಬ್ಬಿನಲ್ಲಿ ಪಿಸಿಬಿ ಎಂಬ ಇನ್ನೊಂದು ಮಾಲಿನ್ಯಕಾರಕವೂ ಇತ್ತು, ತಿನ್ನುವುದು ಆಗೊಮ್ಮೆ ಈಗೊಮ್ಮೆ ದೊಡ್ಡ ಪ್ರಮಾಣದಲ್ಲಿ. ಸೇಶೆಲ್ಸ್‌ನವರು ತಿಂದದ್ದು ನಾನಾ ಬಗೆಯ ಸಾಧಾರಣ ಮೀನು. ಪಾದರಸದ ಜೊತೆಗೆ ಮಿದುಳಿಗೆ ಬೇಕಾದ ಒಮೆಗಾ-3 ಕೊಬ್ಬಿನಾಮ್ಲ, ಸೆಲೆನಿಯಂ, ಅಯೋಡಿನ್‌ಗಳೂ ಅದರಿಂದಲೇ ಸಿಗುತ್ತಿದ್ದವು. 2008ರಲ್ಲಿ ಫೆರೊದ ಆರೋಗ್ಯಾಧಿಕಾರಿಗಳು ತಿಮಿಂಗಿಲದ ಮಾಂಸ ಮನುಷ್ಯರು ತಿನ್ನಲು ಯೋಗ್ಯವಲ್ಲವೆಂದೇ ಹೇಳಿದರು. ಶತಮಾನಗಳ ಆಹಾರ ಪರಂಪರೆಯನ್ನು ಬಿಡಿ ಎಂದು ತಮ್ಮವರಿಗೇ ಹೇಳುವುದು ವೈಹೆಯವರಂಥ ದ್ವೀಪವಾಸಿ ವೈದ್ಯರಿಗೆ ಸುಲಭದ ಮಾತಾಗಿರಲಿಲ್ಲ. ಇನ್ನೊಂದೆಡೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಮತ್ತು ವಿಶ್ವ ಆರೋಗ್ಯ ಸಂಸ್ಥೆಯ 2010ರ ತಜ್ಞರ ಸಭೆ ಹೆಚ್ಚಿನ ಸಾಧಾರಣ ಮೀನುಗಳ ವಿಷಯದಲ್ಲಿ ತಿನ್ನುವುದರ ಲಾಭ ಹಾನಿಗಿಂತ ದೊಡ್ಡದೆಂಬ ತೀರ್ಮಾನಕ್ಕೆ ಬಂತು. ಗರ್ಭಿಣಿಯರು ಮೀನನ್ನೇ ಬಿಟ್ಟುಬಿಡುವುದು ಒಳ್ಳೆಯದೆಂಬ ಹೆದರಿಕೆಯ ಸಲಹೆಗೆ ಹಾಗಾಗಿ ಆಧಾರವಿಲ್ಲ. ದೊಡ್ಡ ಬೇಟೆಮೀನನ್ನು ಬಿಟ್ಟು ಸಣ್ಣ ಮೀನನ್ನು ತಿನ್ನುವುದೇ ಸರಿಯಾದ ದಾರಿ.

ತಮಿಳುನಾಡಿನಲ್ಲಿ ಬಾಣಂತಿಯರಿಗೆ ಹಾಲು ಹೆಚ್ಚಲೆಂದು ಶಾರ್ಕಿನ ‘ಸುರಾ ಪುಟ್ಟು’ ಮಾಡಿಕೊಡುವ ರೂಢಿಯಿದೆ. ನಮ್ಮ ಕರಾವಳಿಯಲ್ಲೂ ತಾಟೆ, ಮೋರಿ ಎನ್ನುವ ಮರಿ ಶಾರ್ಕಿಗೆ ಬೇಡಿಕೆಯಿದೆ. ಮರಿಯಲ್ಲಿ ಪಾದರಸ ಕಡಿಮೆ, ಬಲಿತ ಶಾರ್ಕಿನಲ್ಲಿ ತುಂಬ ಹೆಚ್ಚು. ಹಳಬರು ಮರಿಯನ್ನೇ ಆರಿಸುತ್ತಿದ್ದುದು ರುಚಿಗಾಗಿಯೇ ಇರಬಹುದು, ಆಯ್ಕೆ ಮಾತ್ರ ಸರಿಯಾಗಿತ್ತು. ಒಂದು ಶಾರ್ಕ್ ಮರಿ ಹಾಕುವಷ್ಟು ಬೆಳೆಯಲು ವರ್ಷಗಳೇ ಬೇಕು, ಮರಿಗಳನ್ನು ಹೀಗೆ ಹಿಡಿದರೆ ಸಂತತಿ ಉಳಿಯದು ಎಂಬುದು ಬೇರೆಯೇ ಚಿಂತೆ.

ಉಳಿದ ಲೋಹಗಳು

ಕ್ಯಾಡ್ಮಿಯಂ ಮೂತ್ರಪಿಂಡದ ಶತ್ರು. ಅಲ್ಲಿ ಸೇರಿದ ಕ್ಯಾಡ್ಮಿಯಂ ಅರ್ಧಕ್ಕಿಳಿಯಲು 10ರಿಂದ 30 ವರ್ಷ ಬೇಕು. ಮೂತ್ರದಲ್ಲಿ ಪ್ರೋಟೀನ್ ಸೋರಿಕೆಯಿಂದ ಆರಂಭವಾಗಿ, ಮೂಳೆಯ ಸುಣ್ಣ ಕರಗುವವರೆಗೂ ಹಾನಿ ಮುಂದುವರಿಯಬಹುದು. ಜಪಾನಿನ ಜಿನ್‌ಝು ನದಿಯ ಬಯಲಿನಲ್ಲಿ ಕಾಣಿಸಿದ ‘ಇತಾಯಿ-ಇತಾಯಿ’ ಕಾಯಿಲೆ ಇದರ ಘೋರ ರೂಪ. ಅಲ್ಲಿ ವಿಷ ಬಂದದ್ದು ಗಣಿಯ ನೀರು ಕುಡಿದ ಗದ್ದೆಗಳ ಅಕ್ಕಿಯಿಂದ, ಮೀನಿನಿಂದಲ್ಲ. ಕ್ಯಾಡ್ಮಿಯಂ ಕ್ಯಾನ್ಸರ್‌ಕಾರಕವೆಂದೂ ಸಿದ್ಧಪಟ್ಟಿದೆ. ಬೀಡಿ, ಸಿಗರೇಟು ಸೇದುವವರಿಗೆ ಹೊಗೆಯಿಂದಲೇ ಸಾಕಷ್ಟು ಕ್ಯಾಡ್ಮಿಯಂ ಸಿಗುತ್ತದೆ.

ಮೀನಿನ ಮಾಂಸಖಂಡದಲ್ಲಿ ಕ್ಯಾಡ್ಮಿಯಂ ಅತ್ಯಲ್ಪ. ಅದು ಕೂಡಿಕೊಳ್ಳುವುದು ಬೊಂಡಾಸ, ಕಪ್ಪೆಬೊಂಡಾಸ (ಕಟಲ್‌ಫಿಶ್), ಏಡಿ, ಸಿಂಪಿಗಳ ಜೀರ್ಣಗ್ರಂಥಿಯಲ್ಲಿ. ಏಡಿಯ ಚಿಪ್ಪು ಬಿಡಿಸಿದಾಗ ಒಳಗೆ ಸಿಗುವ ಕಂದು-ಹಳದಿ ಮೆತ್ತನೆಯ ಭಾಗ ಅದೇ; ಏಡಿಪ್ರಿಯರಿಗೆ ಅದೇ ಅಚ್ಚುಮೆಚ್ಚು. ಯುರೋಪಿನ ಕಾನೂನು ಏಡಿಯ ಕ್ಯಾಡ್ಮಿಯಂ ಮಿತಿಯನ್ನು ಕಾಲು-ಕೊಂಬುಗಳ ಬಿಳಿ ಮಾಂಸಕ್ಕೆ ಮಾತ್ರ ಅನ್ವಯಿಸಿ, ಕಂದು ಭಾಗವನ್ನು ಹೊರಗಿಟ್ಟಿದೆ. ಬೊಂಡಾಸದ ವಿಷಯದಲ್ಲಿ ಕೆಲಸದ ವಿಧಾನವೇ ಮುಖ್ಯ. ಹಿಡಿದ ಬೊಂಡಾಸವನ್ನು ಕರುಳು ತೆಗೆಯದೆ ಇಡಿಯಾಗಿ ಇಟ್ಟರೆ, ಅಥವಾ ಇಡಿಯಾಗಿ ಹೆಪ್ಪುಗಟ್ಟಿಸಿ ಮತ್ತೆ ಕರಗಿಸಿದರೆ, ಜೀರ್ಣಗ್ರಂಥಿ ಒಡೆದು ಅದರ ರಸ ಬಿಳಿಯ ಮಾಂಸಕ್ಕೆ ಇಳಿಯುತ್ತದೆ. ಶುದ್ಧವಾಗಿದ್ದ ಭಾಗವೂ ಮಿತಿ ಮೀರುತ್ತದೆ. ಭಾರತದಿಂದ ಯುರೋಪಿಗೆ ಹೋದ ಬೊಂಡಾಸ, ಕಪ್ಪೆಬೊಂಡಾಸಗಳ ರವಾನೆಗಳು ಕ್ಯಾಡ್ಮಿಯಂ ಕಾರಣಕ್ಕೆ ತಡೆಹಿಡಿಯಲ್ಪಟ್ಟ ಪ್ರಸಂಗಗಳಿವೆ. ಕರುಳು ತೆಗೆದ ಬೊಂಡಾಸಕ್ಕೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಿತಿ ಕಿಲೋಗೆ 2 ಮಿಲಿಗ್ರಾಂ, ಯುರೋಪಿನದು 1 ಮಿಲಿಗ್ರಾಂ; ಈ ಅರ್ಧದ ವ್ಯತ್ಯಾಸ ಒಂದು ಕಂಟೇನರಿನ ಹಣೆಬರಹ ನಿರ್ಧರಿಸಬಲ್ಲುದು.

ಆರ್ಸೆನಿಕ್ ಕಥೆ ವಿಚಿತ್ರ. ಒಟ್ಟು ಆರ್ಸೆನಿಕ್ ಅಳೆದರೆ ಸಮುದ್ರದ ಮೀನು, ಸಿಗಡಿಗಳು ಬಂಗಾಳದ ವಿಷಬಾವಿಯ ನೀರನ್ನೂ ಮೀರಿಸುತ್ತವೆ. ಅದರಲ್ಲಿ ಬಹುಪಾಲು ಇರುವುದು ಆರ್ಸೆನೊಬಿಟೇನ್ ರೂಪದಲ್ಲಿ. ದೇಹ ಅದನ್ನು ಬದಲಿಸದೆ ಒಂದೆರಡು ದಿನಗಳಲ್ಲಿ ಮೂತ್ರದ ಮೂಲಕ ಹೊರಹಾಕುತ್ತದೆ, ಯಾವ ಹಾನಿಯೂ ಕಂಡುಬಂದಿಲ್ಲ. ಬಾವಿನೀರಿನಲ್ಲಿರುವ ನಿರವಯವ ಆರ್ಸೆನಿಕ್ ಮಾತ್ರ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರಿಗೆ ಕಾರಣ. ಮೂತ್ರದಲ್ಲಿ ಆರ್ಸೆನಿಕ್ ಪರೀಕ್ಷೆ ಮಾಡಿಸುವವರಿಗೆ ಮೂರ್ನಾಲ್ಕು ದಿನ ಮೀನು ತಿನ್ನಬೇಡಿರೆಂದು ಹೇಳಬೇಕು. ಹೇಳದಿದ್ದರೆ ಹಿಂದಿನ ರಾತ್ರಿಯ ಸಿಗಡಿ ಸುಕ್ಕ ವರದಿಯಲ್ಲಿ ವಿಷವಾಗಿ ಕಾಣುತ್ತದೆ. ಕಡಲ ಆಹಾರಗಳಲ್ಲಿ ನಿರವಯವ ಆರ್ಸೆನಿಕ್ ಗಣನೀಯವಾಗಿರುವುದು ಹಿಜಿಕಿ ಎಂಬ ಕಪ್ಪು ಕಡಲಪಾಚಿಯಲ್ಲಿ. ಅದನ್ನು ತಿನ್ನಬಾರದೆಂದು ಬ್ರಿಟನ್ನಿನ ಆಹಾರ ಸಂಸ್ಥೆ 2004ರಲ್ಲಿ ಸಲಹೆ ನೀಡಿತು.

ಸೀಸಕ್ಕೆ ಸುರಕ್ಷಿತ ಮಿತಿಯೇ ಇಲ್ಲವೆಂದು ಒಪ್ಪಿ ಎಫ್‌ಎಒ-ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಜ್ಞ ಸಮಿತಿ 2010ರಲ್ಲಿ ಹಳೆಯ ಮಿತಿಯನ್ನು ಹಿಂತೆಗೆದುಕೊಂಡಿತು. ಮಕ್ಕಳ ಬುದ್ಧಿ, ದೊಡ್ಡವರ ರಕ್ತದೊತ್ತಡ ಎರಡಕ್ಕೂ ಅದು ಕೆಟ್ಟದ್ದು. ಬಣ್ಣ, ಬ್ಯಾಟರಿ ಕೆಲಸ, ಕಲಬೆರಕೆ ಅರಿಸಿನ ಮುಂತಾದ ಮೂಲಗಳ ಮುಂದೆ ಕಡಲ ಆಹಾರದ ಪಾಲು ಚಿಕ್ಕದು, ಕೈಗಾರಿಕಾ ಅಳಿವೆಯ ಚಿಪ್ಪುಜೀವಿಗಳನ್ನು ಬಿಟ್ಟರೆ. ತವರದ ಸಂಯುಕ್ತವಾದ ಟಿಬಿಟಿಯನ್ನು ಹಡಗಿನ ತಳಕ್ಕೆ ಜೀವಿಗಳು ಅಂಟದಂತೆ ಬಣ್ಣದಲ್ಲಿ ಬೆರೆಸುತ್ತಿದ್ದರು. ಅದರಿಂದ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯ ಸಿಂಪಿಗಳು ವಿಕಾರವಾದವು, ಹೆಣ್ಣು ಶಂಖಹುಳುಗಳಿಗೆ ಗಂಡಿನ ಅಂಗ ಮೂಡಿತು. ಫ್ರಾನ್ಸ್ 1982ರಲ್ಲಿ ಅದನ್ನು ನಿರ್ಬಂಧಿಸಿತು. ಜಾಗತಿಕ ನಿಷೇಧ 2008ರಲ್ಲಿ ಜಾರಿಗೆ ಬಂತು.

ತಟ್ಟೆಯ ಲೆಕ್ಕ

ಮೀಥೈಲ್ ಪಾದರಸದ ವಾರದ ಸಹ್ಯ ಮಿತಿಯನ್ನು ಎಫ್‌ಎಒ-ವಿಶ್ವ ಆರೋಗ್ಯ ಸಂಸ್ಥೆಯ ಅದೇ ಜಂಟಿ ಸಮಿತಿ 2003ರಲ್ಲಿ ದೇಹತೂಕದ ಕಿಲೋಗೆ 1.6 ಮೈಕ್ರೋಗ್ರಾಂ ಎಂದು ಗೊತ್ತುಪಡಿಸಿತು. ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ 2012ರಲ್ಲಿ 1.3ಕ್ಕೆ ಇಳಿಸಿತು. 60 ಕಿಲೋ ತೂಕದವರಿಗೆ ಮೊದಲಿನ ಲೆಕ್ಕದಲ್ಲಿ ವಾರಕ್ಕೆ 96 ಮೈಕ್ರೋಗ್ರಾಂ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮಾಪನಗಳಲ್ಲಿ ಕತ್ತಿಮೀನಿನ ಸರಾಸರಿ ಕಿಲೋಗೆ 0.995 ಮಿಲಿಗ್ರಾಂ, ಶಾರ್ಕಿನದು 0.979, ಡಬ್ಬಿಯ ಆಲ್ಬಕೋರ್ ಟ್ಯೂನಾದ್ದು 0.350, ಸಾರ್ಡೀನಿನದು 0.013, ಸಿಗಡಿಯದು 0.009. ಅಂದರೆ ಕತ್ತಿಮೀನಿನ 100 ಗ್ರಾಂ ತುಂಡೊಂದೇ ವಾರದ ಪಾಲನ್ನು ಮುಗಿಸುತ್ತದೆ. ಸಾರ್ಡೀನಿನ ಜಾತಿಯ ಬೂತಾಯಿಯಲ್ಲೂ ಅಷ್ಟೇ ಇದೆಯೆಂದು ಹಿಡಿದರೆ ಏಳು ಕಿಲೋ ತಿಂದರೂ ಮಿತಿ ದಾಟದು. ಮಿನಮಾತ ಕೊಲ್ಲಿಯ 36 ಮಿಲಿಗ್ರಾಂನ ಮೀನಾಗಿದ್ದರೆ ಮೂರು ಗ್ರಾಂಗೂ ಕಡಿಮೆ ಸಾಕಿತ್ತು. ಈ ಮಿತಿ ಜೀವಮಾನವಿಡೀ ವಾರವಾರ ತಿನ್ನುವುದಕ್ಕೆ ಹಾಕಿದ ಗೆರೆ. ಒಂದು ವಾರ ದಾಟಿದರೆ ಕಾಯಿಲೆ ಬರುತ್ತದೆಂದು ಅರ್ಥವಲ್ಲ.

ಅಮೆರಿಕದ ಪಟ್ಟಿಯಲ್ಲಿ ಗರ್ಭಿಣಿಯರು ತಿನ್ನಬಾರದೆಂದಿರುವ ಕಿಂಗ್ ಮ್ಯಾಕೆರೆಲ್ ನಮ್ಮ ಅಂಜಲಿನ ದಾಯಾದಿಯೇ ಹೊರತು ಅದೇ ಮೀನಲ್ಲ. ಅಲ್ಲಿನ ಅಂಕಿಯನ್ನು ಇಲ್ಲಿಗೆ ಹಚ್ಚುವಂತಿಲ್ಲ. ಅಂಜಲೂ ಬೇಟೆಮೀನು, ಅದರಲ್ಲೂ ದೊಡ್ಡದರಲ್ಲಿ ಸಣ್ಣದಕ್ಕಿಂತ ಹೆಚ್ಚು ಪಾದರಸ ಇರುವುದು ಸಹಜ ಎಂಬಷ್ಟನ್ನು ಮಾತ್ರ ಹೇಳಬಹುದು. ಬಂಗುಡೆ, ಬೂತಾಯಿ, ಕೊಲ್ಲತರುಗಳಂಥ ಅಗ್ಗದ ಸಣ್ಣ ಮೀನು ತಿನ್ನುವ ಬಡವರ ತಟ್ಟೆ ಈ ವಿಷಯದಲ್ಲಿ ಶ್ರೀಮಂತರ ತಟ್ಟೆಗಿಂತ ಸುರಕ್ಷಿತ.

ಉಪ್ಪು, ಹುಣಸೆ, ಪುನರ್ಪುಳಿ ಹಾಕಿ ಎಷ್ಟು ತೊಳೆದರೂ ಪಾದರಸ ಹೋಗುವುದಿಲ್ಲ. ಅದು ಮಾಂಸದ ಪ್ರೋಟೀನಿಗೇ ಅಂಟಿರುವುದರಿಂದ ಚರ್ಮ ಸುಲಿದರೂ ಕೊಬ್ಬು ತೆಗೆದರೂ ಪ್ರಯೋಜನವಿಲ್ಲ. ಕಾವಲಿಯಲ್ಲಿ ಹುರಿದಾಗ ನೀರು ಆರಿ ತೂಕ ಇಳಿಯುವುದರಿಂದ ಗ್ರಾಂ ಲೆಕ್ಕದಲ್ಲಿ ಪಾದರಸ ತುಸು ಏರುವುದೂ ಉಂಟು. ಕ್ಯಾಡ್ಮಿಯಂ ಹಾಗಲ್ಲ: ಬೊಂಡಾಸದ ಒಳಭಾಗವನ್ನು ಒಡೆಯದಂತೆ ಎಳೆದು ತೆಗೆದರೆ, ಏಡಿಯ ಕಂದು ಭಾಗವನ್ನು ಮಿತವಾಗಿ ತಿಂದರೆ, ಹೆಚ್ಚಿನಂಶ ತಪ್ಪಿಸಿಕೊಂಡಂತೆಯೇ.

ಭಾರತ, ಕರ್ನಾಟಕ

ಭಾರತದಲ್ಲಿ ಈ ದೃಷ್ಟಿಯಿಂದ ಹೆಚ್ಚು ಅಧ್ಯಯನಕ್ಕೆ ಒಳಗಾದವು ಮುಂಬಯಿಯ ಥಾಣೆ ಖಾರಿ, ಉಲ್ಹಾಸ್ ನದಿ, ಪೆರಿಯಾರ್ ದಂಡೆಯ ಕೈಗಾರಿಕೆಗಳ ಕೆಳಗಿನ ಕೊಚ್ಚಿ ಹಿನ್ನೀರು. ಕರ್ನಾಟಕದ ಸುಮಾರು 320 ಕಿಲೋಮೀಟರ್ ಕರಾವಳಿಯಲ್ಲಿ ಪಾದರಸದ ಹೆಸರು ಕೇಳಿಬಂದದ್ದು ಕಾರವಾರದ ಪಕ್ಕದ ಬಿಣಗಾದಲ್ಲಿ. ಅಲ್ಲಿನ ಕಾಸ್ಟಿಕ್ ಸೋಡಾ ಕಾರ್ಖಾನೆಯ ಬಳಿಯ ಪಾದರಸದ ಬಗ್ಗೆ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಲೇಖನ 1990ರಲ್ಲಿ ‘ಮರೀನ್ ಪೊಲ್ಯೂಷನ್ ಬುಲೆಟಿನ್’ ಪತ್ರಿಕೆಯಲ್ಲಿ ಬಂದಿತ್ತು. ಹಳೆಯ ವಿಧಾನದ ಇಂಥ ಕಾರ್ಖಾನೆಗಳಲ್ಲಿ ಉಪ್ಪುನೀರಿಗೆ ವಿದ್ಯುತ್ ಹಾಯಿಸುವಾಗ ಪಾದರಸವನ್ನೇ ಋಣಧ್ರುವವಾಗಿ ಬಳಸುತ್ತಿದ್ದರು. ಸೋಡಿಯಂ ಅದರಲ್ಲಿ ಕರಗಿ, ಮುಂದೆ ನೀರಿನೊಂದಿಗೆ ವರ್ತಿಸಿ ಕಾಸ್ಟಿಕ್ ಸೋಡಾ ಆಗುತ್ತಿತ್ತು. ಪ್ರತಿ ಸುತ್ತಿನಲ್ಲೂ ಒಂದಿಷ್ಟು ಪಾದರಸ ಕೆಸರಿನಲ್ಲೋ ತ್ಯಾಜ್ಯನೀರಿನಲ್ಲೋ ಕಳೆದುಹೋಗುತ್ತಿತ್ತು. 2010ರ ದಶಕದ ಹೊತ್ತಿಗೆ ದೇಶದ ಬಹುತೇಕ ಕಾಸ್ಟಿಕ್ ಸೋಡಾ ಕಾರ್ಖಾನೆಗಳು ಪಾದರಸ ಬೇಡದ ಪೊರೆ ವಿಧಾನಕ್ಕೆ ಬದಲಾದವು. ಪರಿಸರ ಕಾನೂನಿನ ಒತ್ತಡದ ಜೊತೆಗೆ ಹೊಸ ವಿಧಾನದಲ್ಲಿ ವಿದ್ಯುತ್ ಉಳಿಯುತ್ತಿದ್ದುದೂ ಈ ಬದಲಾವಣೆಗೆ ಕಾರಣ.

ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಸಾಧಾರಣ ಮೀನಿಗೆ ಕಿಲೋಗೆ 0.5 ಮಿಲಿಗ್ರಾಂ, ಬೇಟೆಮೀನಿಗೆ 1 ಮಿಲಿಗ್ರಾಂ ಪಾದರಸದ ಮಿತಿ ವಿಧಿಸಿದೆ. ಮಿತಿ ಕಾಗದದ ಮೇಲಿದ್ದರೆ ಸಾಲದು. ರಫ್ತಿಗೆ ಹೋಗುವ ಸಿಗಡಿ, ಬೊಂಡಾಸಗಳು ಪ್ರಯೋಗಾಲಯ ದಾಟಿ ಹೋಗುತ್ತವೆ, ಏಕೆಂದರೆ ಆಚೆಯ ಬಂದರಿನಲ್ಲಿ ಹಿಂದಿರುಗಿಸುವವರಿದ್ದಾರೆ. ಮಲ್ಪೆಯ ದಕ್ಕೆಯಿಂದ ಬುಟ್ಟಿಯಲ್ಲಿ ಊರೊಳಗೆ ಬರುವ ಮೀನನ್ನು ವಾಡಿಕೆಯಾಗಿ ಪರೀಕ್ಷಿಸುವ ವ್ಯವಸ್ಥೆ ಇಲ್ಲ. ಒಂದೇ ಕಡಲಿನ ಮೀನಿಗೆ ಹೀಗೆ ಎರಡು ಕಾನೂನು ಆಗಿರುವುದು ಸರಿಯಲ್ಲ. ಕರಾವಳಿಯ ಪ್ರತಿ ಮುಖ್ಯ ಅಳಿವೆಯ ಮರುವಾಯಿ, ನೀಲಿಕಲ್ಲು ಮೊದಲಾದ ಚಿಪ್ಪುಜೀವಿಗಳನ್ನು ವರ್ಷಕ್ಕೆರಡು ಬಾರಿ ಅಳೆದು ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸುವುದು ದುಬಾರಿ ಕೆಲಸವೇನಲ್ಲ.

ಪತ್ತೆ, ಚಿಕಿತ್ಸೆ, ತಡೆ

ಮೀಥೈಲ್ ಪಾದರಸವನ್ನು ರಕ್ತದಲ್ಲಿ ಅಥವಾ ತಲೆಗೂದಲಲ್ಲಿ ಅಳೆಯುತ್ತಾರೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದಿಂದ ತುಂಡು ತುಂಡಾಗಿ ಕತ್ತರಿಸಿ ಅಳೆದರೆ ಯಾವ ತಿಂಗಳಲ್ಲಿ ಎಷ್ಟು ಒಳಬಂತೆಂದು ತಿಳಿಯುತ್ತದೆ. ಕ್ಯಾಡ್ಮಿಯಂಗೆ ಮೂತ್ರ, ಸೀಸಕ್ಕೆ ರಕ್ತ ಪರೀಕ್ಷೆ. ಮಾಲಿನ್ಯದ ಆಹಾರ ನಿಲ್ಲಿಸಿದರೆ ರಕ್ತದ ಮೀಥೈಲ್ ಪಾದರಸ ಸುಮಾರು 50 ದಿನಗಳಿಗೊಮ್ಮೆ ಅರ್ಧವಾಗುತ್ತ ಇಳಿಯುತ್ತದೆ. ಲೋಹವನ್ನು ಹಿಡಿದು ಹೊರಹಾಕುವ ಔಷಧಗಳಿವೆಯಾದರೂ, ಸತ್ತ ನರಕೋಶವನ್ನು ಅವು ಮರಳಿ ತರಲಾರವು. ಬಾಲ್ ಎಂಬ ಹಳೆಯ ಔಷಧ ಮೀಥೈಲ್ ಪಾದರಸವನ್ನು ಮಿದುಳಿಗೇ ತಳ್ಳಬಹುದೆಂಬ ಕಾರಣಕ್ಕೆ ಅದನ್ನು ಕೊಡುವುದಿಲ್ಲ. ‘ಡಿಟಾಕ್ಸ್’ ಹೆಸರಿನಲ್ಲಿ ಮಾರುವ ಪುಡಿ, ಕಷಾಯಗಳಿಗೆ ಇಲ್ಲಿ ಸ್ಥಾನವಿಲ್ಲ.

ಪಾದರಸದ ಬಳಕೆ, ವ್ಯಾಪಾರ, ಹೊರಸೂಸುವಿಕೆಗಳನ್ನು ಕಡಿಮೆ ಮಾಡುವ ಅಂತರರಾಷ್ಟ್ರೀಯ ಒಪ್ಪಂದವನ್ನು 2013ರ ಅಕ್ಟೋಬರ್‌ನಲ್ಲಿ ಕುಮಮೊತೊದಲ್ಲಿ ಅಂಗೀಕರಿಸಿ ಅದಕ್ಕೆ ಮಿನಮಾತ ಒಪ್ಪಂದವೆಂದು ಹೆಸರಿಟ್ಟರು. ಅದು 2017ರ ಆಗಸ್ಟ್ 16ರಿಂದ ಜಾರಿಯಲ್ಲಿದೆ. ಭಾರತ 2018ರ ಜೂನ್‌ನಲ್ಲಿ ಅನುಮೋದಿಸಿತು. ಪಾದರಸದ ಥರ್ಮಾಮೀಟರ್, ರಕ್ತದೊತ್ತಡ ಮಾಪಕ, ಬ್ಯಾಟರಿ, ದೀಪಗಳನ್ನು ಹಂತಹಂತವಾಗಿ ಕೈಬಿಡುವುದು ಅದರ ಸುಲಭದ ಭಾಗ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳ ಹೊಗೆ ಮತ್ತು ಸಣ್ಣ ಚಿನ್ನದ ಗಣಿಗಳ ವಿಷಯದಲ್ಲಿ ಒಪ್ಪಂದದ ಮಾತು ಮೃದುವಾಗಿದೆ: ಹೊಸ ಸ್ಥಾವರಗಳಿಗೆ ಲಭ್ಯವಿರುವ ಉತ್ತಮ ತಂತ್ರಜ್ಞಾನ, ಗಣಿಗಳಿಗೆ ಆಯಾ ದೇಶದ್ದೇ ಕ್ರಿಯಾಯೋಜನೆ.